ಹನ್ನೆರಡನೆಯ ಉತ್ತರಪತ್ರಿಕೆ

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ವರ್ಷಗಳಲ್ಲಿ ನಾನು ಡೆಂಕಣಿಕೋಟೆಯ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದೆ. ಆಗ ನನಗೆ ಇಪ್ಪತ್ತಮೂರು ವರ್ಷ ವಯಸ್ಸು. ತಂದೆ ತೀರಿಕೊಂಡಿದ್ದರು. ತಾಯಿಗೆ ನಾನು, ನನಗೆ ತಾಯಿ, ಅಷ್ಟೇ. ಶಾಲೆಯಲ್ಲಿ ತಮಿಳು, ತೆಲುಗು ಓದುವವರೇ ಹೆಚ್ಚು. ಎಂಟನೇ ತರಗತಿಯ ಕನ್ನಡ ಪಾಠಕ್ಕೆ ಕೂರುತ್ತಿದ್ದವರು ಹನ್ನೆರಡೇ ಜನ. ಹಿಂದಿನ ಗೋಡೆಯ ಹತ್ತಿರ ಎರಡು ಬೆಂಚು ನಮ್ಮ ಪಾಲಿಗಿದ್ದವು.

ಪಠ್ಯದಲ್ಲಿ ಒಂದು ಸಣ್ಣ ಕಥೆಯಿತ್ತು. ಕಾಡಂಚಿನ ಹೊಲಕ್ಕೆ ವರ್ಷವರ್ಷವೂ ಒಂದು ಆನೆ ಬರುತ್ತದೆ. ಊರವರೆಲ್ಲ ಓಡಿಹೋಗುತ್ತಾರೆ. ಒಬ್ಬ ಮುದುಕಿ ಮಾತ್ರ ತನ್ನ ಗುಡಿಸಲು ಬಿಟ್ಟು ಕದಲುವುದಿಲ್ಲ. ಅಷ್ಟೇ ಕಥೆ. ನಮ್ಮ ಕಡೆಯ ಮಕ್ಕಳಿಗೆ ಆನೆಯನ್ನು ವಿವರಿಸಬೇಕಾಗಿರಲಿಲ್ಲ. ನಾನು ಅವರಿಗೆ ಹೇಳಿಕೊಟ್ಟದ್ದು ಬೇರೆ: "ಕಥೆಯೊಳಗೆ ಬರುವ ಆನೆ ಬರೀ ಆನೆಯಲ್ಲ. ಅದು ಯಾವುದರ ಬದಲಿಗೆ ನಿಂತಿದೆ ಅಂತ ಕೇಳಿಕೊಳ್ಳಿ. ನಿಮಗೆ ಹೊಳೆದದ್ದನ್ನ ಧೈರ್ಯವಾಗಿ ಬರೆಯಿರಿ." ಈ ಪಾಠವನ್ನು ನಾನು ಹೊಸದಾಗಿ ಕಲಿತು ಬಂದಿದ್ದೆ. ಹಾಗೆ ಹೇಳುವಾಗ ನನ್ನ ಬಗ್ಗೆ ನನಗೇ ಹೆಮ್ಮೆಯಾಗಿತ್ತು.

ಕಾಲುವರ್ಷದ ಪರೀಕ್ಷೆಯಲ್ಲಿ ಅದನ್ನೇ ಕೇಳಿದೆ. ಆನೆ ಯಾವುದರ ಸಂಕೇತ? ಮುದುಕಿಯ ಸ್ವಭಾವ ಎಂಥದು? ಶನಿವಾರ ಮಧ್ಯಾಹ್ನ ಮನೆಯ ಜಗಲಿಯಲ್ಲಿ ಕೂತು ತಿದ್ದತೊಡಗಿದೆ. ಕೆಲವರು ಆನೆ ಎಂದರೆ ಸಾವು ಎಂದಿದ್ದರು, ಇಬ್ಬರು ದುರಾಸೆ ಎಂದಿದ್ದರು. ಒಬ್ಬ, ಆನೆ ಗಣಪತಿಯೆಂದೂ ಮುದುಕಿ ಕಡುಬು ಕೊಡಬೇಕಿತ್ತೆಂದೂ ಬರೆದಿದ್ದ. ಕೊನೆಯದು ಕಾಡಂಚಿನ ನಾಟ್ರಾಂಪಾಳ್ಯದ ಹುಡುಗಿಯದು. ಹದಿನಾಲ್ಕು ವರ್ಷದವಳು, ಓದಿಗೆಂದು ಇಲ್ಲಿಯ ಸೋದರತ್ತೆಯ ಮನೆಯಲ್ಲಿದ್ದಳು. ಬಾಯಿಬಿಟ್ಟು ಮಾತಾಡುತ್ತಿದ್ದದ್ದೇ ಕಡಿಮೆ.

ಅವಳು ಬರೆದಿದ್ದಳು: "ಆನೆ ಎಂದರೆ ಸರ್ಕಾರ. ಅದು ಬಿತ್ತುವುದಿಲ್ಲ, ಕಳೆ ಕೀಳುವುದಿಲ್ಲ, ತೆನೆ ಬಲಿತಾಗ ಬರುತ್ತದೆ. ಈ ವರ್ಷ ನಮ್ಮ ಕಣದ ರಾಗಿಯನ್ನು ಯುದ್ಧಕ್ಕೆಂದು ಅಳೆದುಕೊಂಡು ಹೋದರು. ಆನೆ ಬಂದರೆ ತಮಟೆ ಹೊಡೆದು ಓಡಿಸುತ್ತೇವೆ. ಸರ್ಕಾರ ಬಂದರೆ ತಮಟೆ ಹೊಡೆದು ನಮ್ಮನ್ನೇ ಕರೆಯುತ್ತಾರೆ. ಮುದುಕಿ ಓಡುವುದಿಲ್ಲ, ಯಾಕೆಂದರೆ ಹೊಲ ತನ್ನದೆಂದು ಅವಳಿಗೆ ಗೊತ್ತು."

ನನ್ನ ಮೈ ಜುಮ್ಮೆಂದಿತು. ಮೊದಲು ಸಂತೋಷದಿಂದಲೇ. ಕೆಂಪು ಶಾಯಿಯಲ್ಲಿ ಇಪ್ಪತ್ತಕ್ಕೆ ಹದಿನೆಂಟು ಹಾಕಿದೆ. ಶಾಯಿ ಇನ್ನೂ ಆರಿರಲಿಲ್ಲ, ಶಾಲೆಯ ಜವಾನ ಬಂದು ಹೆಡ್‌ಮಾಸ್ಟರ ಚೀಟಿ ಕೊಟ್ಟ. ಸೋಮವಾರ ಇನ್‌ಸ್ಪೆಕ್ಟರ್ ಬರುತ್ತಾರೆ, ಕನ್ನಡ ಬಲ್ಲವರು, ಉತ್ತರಪತ್ರಿಕೆಗಳನ್ನೆಲ್ಲ ಸಿದ್ಧವಾಗಿಡಬೇಕು.

ಆ ಚೀಟಿ ಓದಿದ ಮೇಲೆ ಅದೇ ಸಾಲುಗಳು ನನಗೆ ಬೇರೆಯಾಗಿ ಕಂಡವು. ಆ ದಿನಗಳಲ್ಲಿ ಜನ ಚಹಾದಂಗಡಿಯಲ್ಲೂ ಆಚೀಚೆ ನೋಡಿ ಮಾತಾಡುತ್ತಿದ್ದರು. ಪಕ್ಕದ ಊರಿನ ಒಬ್ಬ ಮೇಷ್ಟರನ್ನು ಪೊಲೀಸರು ತರಗತಿಯಿಂದಲೇ ಕರೆದುಕೊಂಡು ಹೋಗಿದ್ದರು. ಮಕ್ಕಳಿಗೆ ಏನೋ ಹಾಡು ಕಲಿಸಿದರಂತೆ. ಎಷ್ಟೋ ವಾರಗಳಾದರೂ ಅವರು ತಿರುಗಿ ಬಂದಿರಲಿಲ್ಲ. ಅವರ ಹೆಂಡತಿ ಸಂತೆಯಲ್ಲಿ ಎದುರಾದರೆ ನಾವೆಲ್ಲ ಸೊಪ್ಪಿನ ಕಂತೆ ನೋಡುವವರ ಹಾಗೆ ತಲೆ ತಗ್ಗಿಸುತ್ತಿದ್ದೆವು. ನಾನೂ ಹಾಗೇ ಮಾಡಿದ್ದೆ.

ಭಾನುವಾರವೆಲ್ಲ ಆ ಕಾಗದ ನನ್ನ ಪೆಟ್ಟಿಗೆಯಲ್ಲಿ ಸೀರೆಗಳ ಕೆಳಗಿತ್ತು. ಬೀದಿಯಲ್ಲಿ ಬೂಟಿನ ಸದ್ದಾದರೆ ಕೈಯಲ್ಲಿದ್ದ ಪಾತ್ರೆ ಜಾರುತ್ತಿತ್ತು. "ಸರ್ಕಾರ" ಎಂಬ ಪದವನ್ನು "ಸಂಕಟ" ಎಂದು ತಿದ್ದಿದರೆ ಹೇಗೆ ಎಂದು ಯೋಚಿಸಿದೆ. ಆದರೆ ರಾಗಿ, ಯುದ್ಧ, ತಮಟೆ ಎಲ್ಲ ಹಾಗೇ ಉಳಿಯುತ್ತಿದ್ದವು. ಅದಕ್ಕೆ ಹದಿನೆಂಟು ಅಂಕ ಕೊಟ್ಟ ಕೈ ನನ್ನದೆಂಬುದಂತೂ ಮೇಲೆಯೇ ಕೆಂಪಗೆ ಕಾಣುತ್ತಿತ್ತು. ಕಡೆಗೆ ತಾಳಲಾರದೆ ಅಮ್ಮನಿಗೆ ಓದಿ ಹೇಳಿದೆ.

ಅಮ್ಮ ಕೈಯಿಂದ ಬಾಯಿ ಮುಚ್ಚಿಕೊಂಡಳು. "ಸುಟ್ಟಾಕ್ಬುಡಮ್ಮಿ ಅದ್ನ. ನಿನ್ನ ಎಳ್ಕೊಂಡೋದ್ರೆ ನಾನ್ ಯಾರ್ ಮನೆ ಬಾಗ್ಲಿಗೆ ಹೋಗ್ಲಿ?"

"ಅವ್ಳು ಬರ್ದಿರೋದ್ರಲ್ಲಿ ಸುಳ್ಳೇನೈತಮ್ಮ?"

"ಸುಳ್ಳಾಗಿದ್ರೆ ಯಾರು ಹೆದ್ರುತ್ತಿದ್ರು?" ಎಂದಳು ಅಮ್ಮ.

ಸೋಮವಾರ ಬೆಳಿಗ್ಗೆ ನೀರೊಲೆಗೆ ಆ ಹಾಳೆಗಳನ್ನು ಹಾಕಿದೆ. ಮೊದಲು ಅಂಚು ಕಪ್ಪಾಯಿತು. ಅವಳ ದುಂಡನೆಯ ಅಕ್ಷರಗಳು ಒಂದು ಕ್ಷಣ ಇನ್ನೂ ಚೆನ್ನಾಗಿ ಕಂಡು, ಆಮೇಲೆ ಇಲ್ಲವಾದವು. ಆ ನೀರಿನಲ್ಲೇ ಸ್ನಾನ ಮಾಡಿ ಶಾಲೆಗೆ ಹೊರಟೆ.

ಹೆಡ್‌ಮಾಸ್ಟರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ನನ್ನ ಮುಖ ನೋಡಿ, "ಭಯಪ್ಪಡಾದೀಂಗಮ್ಮಾ, ಅವರು ಒಳ್ಳೇ ಮನುಷರ್," ಎಂದು ತಮಿಳು ಕಲಸಿದ ಕನ್ನಡದಲ್ಲಿ ಸಮಾಧಾನ ಮಾಡಿದರು. ಇನ್‌ಸ್ಪೆಕ್ಟರು ಮಂಗಳೂರಿನ ಕಡೆಯವರು. ಬಿಳಿ ಪೇಟ, ಪುಸ್ತಕದಂಥ ಮಾತು. ನಮ್ಮ ತರಗತಿಗೆ ಬಂದು ಪತ್ರಿಕೆಗಳ ಕಟ್ಟು ಬಿಚ್ಚಿ, ಹೆಸರು ಕೂಗುತ್ತ ಒಂದೊಂದಾಗಿ ಓದಿದರು. ಆಮೇಲೆ ಹಾಜರಿ ಪುಸ್ತಕ ತರಿಸಿದರು.

"ಮಕ್ಕಳು ಹನ್ನೆರಡು. ಪತ್ರಿಕೆ ಹನ್ನೊಂದು. ಒಂದು ಎಲ್ಲಿ ಹೋಯಿತು?"

"ಕಳೆದುಹೋಯಿತು ಸಾರ್," ಎಂದೆ.

"ಯಾರದು?"

ಆ ಹುಡುಗಿಯೇ ಎದ್ದು ನಿಂತಳು. "ನಂದು ಸಾ."

"ನೀನು ಪರೀಕ್ಷೆ ಬರೆದಿದ್ದೀಯಾ?"

"ಬರ್ದಿವ್ನಿ ಸಾ."

"ಹಾಗಾದರೆ ಬಾಯಲ್ಲಿ ಹೇಳು. ಕಥೆಯಲ್ಲಿ ಆನೆ ಎಂದರೆ ಏನು?"

ಕಿಟಕಿಯಾಚೆ ಯಾರೋ ಸೌದೆ ಒಡೆಯುತ್ತಿದ್ದರು. ಏಟು, ಏಟು. ಅವಳು ಉತ್ತರ ಹೇಳಲು ಬಾಯಿ ತೆರೆದವಳು ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಲಿಲ್ಲ, ಸನ್ನೆ ಮಾಡಲಿಲ್ಲ. ಮೇಜಿನ ಅಂಚನ್ನು ಹಿಡಿದಿದ್ದ ನನ್ನ ಬೆರಳು ನಡುಗುತ್ತಿದ್ದವು. ಅವಳು ಅದನ್ನು ನೋಡಿದಳು. ಕಾಡಂಚಿನ ಮಕ್ಕಳು ಪೊದೆ ಅಲುಗಿದ್ದು ಗಾಳಿಗೋ ಪ್ರಾಣಿಗೋ ಎಂದು ನೋಡುತ್ತಾರಲ್ಲ, ಹಾಗೆ.

"ಆನೆ ಅಂದ್ರೆ ಆನೇನೇ ಸಾ," ಎಂದಳು.

"ಮುದುಕಿ?"

"ಮುದ್ಕಿ ಅಂದ್ರೆ ಮುದ್ಕಿ."

"ಅವಳು ಓಡಿಹೋಗಲಿಲ್ಲವೇಕೆ?"

"ಕಾಲ್ನೋವಿತ್ತೇನೋ ಸಾ."

ತರಗತಿ ನಕ್ಕಿತು. ಅವರೂ ನಕ್ಕರು. ನಾನು ಮಾತ್ರ ಉಸಿರು ಬಿಟ್ಟೆ.

ಅವರ ವರದಿ ಕೆಲವು ವಾರಗಳ ನಂತರ ಬಂತು. ಉತ್ತರಪತ್ರಿಕೆ ಕಳೆದದ್ದಕ್ಕೆ ನನಗೆ ಎಚ್ಚರಿಕೆ. ಅದರ ಕೆಳಗೆ ಇನ್ನೊಂದು ಮಾತು: ಕನ್ನಡ ಶಿಕ್ಷಕಿ ಮಕ್ಕಳಿಗೆ ಪದದ ಅರ್ಥವನ್ನಷ್ಟೇ ಅಲ್ಲದೆ ಒಳಗಿನ ಅರ್ಥವನ್ನೂ ಗ್ರಹಿಸಲು ಕಲಿಸುವುದು ಅಗತ್ಯ. ಅದು ಕನ್ನಡದಲ್ಲಿದ್ದುದರಿಂದ ಹೆಡ್‌ಮಾಸ್ಟರು ನನ್ನಿಂದಲೇ ಓದಿಸಿಕೊಂಡು, ಚಿಂತೆ ಮಾಡಬೇಡಿ ಎಂದರು.

ಆದರೆ ವರದಿ ಬರುವ ಮೊದಲೇ, ಇನ್‌ಸ್ಪೆಕ್ಟರು ಹೊರಟ ಮಧ್ಯಾಹ್ನವೇ, ಹುಡುಗಿ ನನ್ನ ಮೇಜಿನ ಬಳಿ ಬಂದು ನಿಂತಿದ್ದಳು. ಉಳಿದವರು ಊಟಕ್ಕೆ ಹೋಗಿದ್ದರು.

"ಟೀಚರಮ್ಮ, ನನ್ ಪೇಪರು ನಿಜ್ವಾಗ್ಲೂ ಕಳ್ದೋಯ್ತಾ?"

ಇನ್ನೊಂದು ಸುಳ್ಳು ಹೇಳಲು ನನ್ನಿಂದಾಗಲಿಲ್ಲ. "ಇಲ್ಲ. ನಾನೇ ಸುಟ್ಟೆ. ಹೆದರಿಕೊಂಡು."

ಅವಳು ತಲೆ ತಗ್ಗಿಸಿದಳು. ಅಳುತ್ತಾಳೆಂದುಕೊಂಡೆ. ಬೈದರೂ ಕೇಳಲು ಸಿದ್ಧಳಿದ್ದೆ.

"ಅದ್ಕೂ ಮುಂಚೆ ನಂಬರ್ ಹಾಕಿದ್ರಾ?"

"ಹದಿನೆಂಟು."

"ಇನ್ನೆರ್ಡು ಯಾಕೋಯ್ತು?"

"ಕಾಗುಣಿತದ ತಪ್ಪು. ನೀನು ಮೂರು ಕಡೆ ದೀರ್ಘ ಬಿಟ್ಟಿದ್ದೆ."

"ಎಲ್ಲೆಲ್ಲಿ?" ಎಂದಳು. ಕಪ್ಪುಹಲಗೆಯ ಮೇಲೆ ಆ ಮೂರು ಪದಗಳನ್ನು ಬರೆದು ತೋರಿಸಿದೆ. ಅವಳು ಕೆಳಗೆ ತಾನೂ ಬರೆದು, ಸರಿಯಾಯಿತೇ ಎಂದು ಕೇಳಿ, ಒರೆಸಿ, ಊಟಕ್ಕೆ ಹೋದಳು.

ಆ ವರ್ಷ ಮುಗಿದ ಮೇಲೆ ಅವಳ ತಂದೆ ಬಂದು ಅವಳನ್ನು ಊರಿಗೆ ಕರೆದುಕೊಂಡು ಹೋದರು. ಮುಂದೆ ಓದಿಸಲಿಲ್ಲ. ನಾನು ಮಾತಾಡಿ ನೋಡಬಹುದಿತ್ತು. ಅವಳ ಜಾಣತನದ ಬಗ್ಗೆ ಹೇಳಹೊರಟರೆ ಯಾವ ಉತ್ತರದ ಉದಾಹರಣೆ ಕೊಡಲಿ ಎಂದು ಅಲ್ಲೂ ಅಂಜಿದೆ, ಸುಮ್ಮನಾದೆ.

ಮುಂದಿನ ವರ್ಷಗಳಲ್ಲಿ ಆ ಕಥೆಯನ್ನು ಕಲಿಸುವಾಗ ಸಂಕೇತದ ಪ್ರಶ್ನೆಯನ್ನು ನಾನೇ ಕೇಳಿ ನಾನೇ ಉತ್ತರ ಬರೆಸುತ್ತಿದ್ದೆ: ಆನೆ ಎಂದರೆ ಸಾವು. ಮಕ್ಕಳು ಹಾಗೇ ಬರೆದುಕೊಂಡರು. ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೂ ಎರಡು ವರ್ಷ ಅದನ್ನೇ ಬರೆಸಿದೆ. ಬೇರೆ ಅರ್ಥ ಬೇಡವೆಂದು ಯಾರೂ ಹೇಳಿರಲಿಲ್ಲ, ಹಿಡಿದೊಯ್ಯಲು ಯಾರೂ ಬರುತ್ತಲೂ ಇರಲಿಲ್ಲ. ಆದರೂ ಮಗುವೊಂದು ಕೈ ಎತ್ತಿ, "ಟೀಚರಮ್ಮ, ನಂಗೆ ಬೇರೆ ತರ ಅನ್ಸುತ್ತೆ" ಎಂದರೆ, ನನ್ನ ಕಣ್ಣು ಮೊದಲು ಬಾಗಿಲ ಕಡೆ ಹೋಗುತ್ತಿತ್ತು.