ಭಾವನ ನಾರಿನ ಕೋಟು

ಕಳೆದ ಭಾನುವಾರ ನನ್ನ ಭಾವನನ್ನು ಅವರ ಭಾವಿ ಬೀಗರಿಂದ ಬಿಡಿಸಲು ಕತ್ತರಿ ತರಬೇಕಾಯಿತು. (ಜಗಳವಲ್ಲ. ಅಪ್ಪುಗೆ.)

ಭಾವ ಸಿದ್ದಲಿಂಗಪ್ಪ, ಅಂದರೆ ನನ್ನ ಅಕ್ಕನ ಗಂಡ, ಕಣಕಟ್ಟೆಯಲ್ಲಿ ತೆಂಗಿನ ತೋಟ ಮಾಡಿಕೊಂಡಿದ್ದಾರೆ. ಕೊಬ್ಬರಿಗಿರುವ ಮರ್ಯಾದೆ ಸಿಪ್ಪೆಗಿಲ್ಲ ಎಂಬುದು ಅವರ ಕೊರಗು. ಹೋದ ವರ್ಷ ಯಾವುದೋ ವಿಡಿಯೋ ನೋಡಿ ಫೋನ್ ಮಾಡಿದರು. ಬಿದಿರಿನಿಂದ ಬನಿಯನ್ ಮಾಡುತ್ತಾರಂತೆ, ನಿಜವೇ?

ನಿಜ ಎಂದೆ. ಬಿದಿರನ್ನು ಅರೆದು, ಕೆಮಿಕಲ್‌ನಲ್ಲಿ ಕರಗಿಸಿ, ಸಣ್ಣ ತೂತುಗಳಿಂದ ಶಾವಿಗೆಯಂತೆ ಒತ್ತಿದರೆ ನೂಲು. ಪಾಲಿಯೆಸ್ಟರ್? ಅದೂ ಶಾವಿಗೆಯೇ, ಹಿಟ್ಟು ಮಾತ್ರ ಪೆಟ್ರೋಲಿಯಂನದು. ಹಾಲಿನಿಂದಲೂ ಬಟ್ಟೆ ಮಾಡುವವರಿದ್ದಾರೆ ಎಂದೆ.

ಭಾವ ಕೇಳಿದರು: "ಹಂಗಾರೆ ನಮ್ ತೆಂಗು ಏನ್ ಪಾಪ ಮಾಡೈತೆ?"

ತಿಂಗಳುಗಟ್ಟಲೆ ಸಿಪ್ಪೆ ನೀರಿನಲ್ಲಿ ಕೊಳೆಯಿತು. ಬೀದಿಗೆಲ್ಲ ವಾಸನೆ. ಆಮೇಲೆ ಬಡಿದು, ನಾರು ಬಿಡಿಸಿ, ಹೊಸೆದು, ಚಾಪೆ ನೇಯುವವರಿಂದ ನೇಯಿಸಿದರು. ಅರಸೀಕೆರೆಯ ಟೈಲರ್ ಒಬ್ಬರು ಸೂಜಿ ಮುರಿದುಕೊಳ್ಳುತ್ತಲೇ ಅದನ್ನು ತೋಳಿಲ್ಲದ ಕೋಟು ಮಾಡಿಕೊಟ್ಟರು.

ಹಾಕಿಕೊಳ್ಳಲು ಭಾವ ಆರಿಸಿಕೊಂಡದ್ದು ಯಾವ ದಿನ? ಮಗಳು ಸುಮಳನ್ನು ನೋಡಲು ಜಾವಗಲ್‌ನಿಂದ ಗಂಡಿನ ಕಡೆಯವರು ಬರುವ ದಿನ. ಸುಮಳಿಗೆ ಹುಡುಗನ ಫೋಟೋ ನೋಡಿಯೇ ಮನಸ್ಸಾಗಿತ್ತು. ಅಪ್ಪನ ಕೋಟು ನೋಡಿದ್ದೇ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಕ್ಕ ಅತ್ತಳು. ಭಾವ ಕೋಟು ಬಿಚ್ಚಲಿಲ್ಲ. (ಕೂತರೆ ಚುಚ್ಚುತ್ತಿತ್ತು. ನಿಂತೇ ಇದ್ದರು.)

ಹುಡುಗನ ತಂದೆ ಬಂದರು. ಮೈಮೇಲೆ ಉಣ್ಣೆಯ ಸ್ವೆಟರ್. ಕುರಿಯ ಮೈಯಿಂದ ಕತ್ತರಿಸಿ, ತೊಳೆದು, ಹಿಂಜಿ, ನೂತ ಬಡಪಾಯಿ ಉಣ್ಣೆ. ಭಾವ ಪ್ರೀತಿಯಿಂದ ಅಪ್ಪಿಕೊಂಡರು. ಬಿಡಲು ನೋಡಿದರು. ಆಗಲಿಲ್ಲ. ನಾರಿನ ತುದಿಗಳೆಲ್ಲ ಉಣ್ಣೆಯೊಳಕ್ಕೆ ಹೊಕ್ಕಿದ್ದವು. ಎಳೆದಷ್ಟೂ ಇನ್ನಷ್ಟು ಸಿಕ್ಕಿಕೊಂಡವು.

ಬಿಚ್ಚಿಹಾಕಬಹುದಿತ್ತಲ್ಲ ಅಂತೀರಾ? ಗುಂಡಿಗಳೆಲ್ಲ ಇಬ್ಬರ ಮಧ್ಯೆ!

ಉಪ್ಪಿಟ್ಟಿನ ತಟ್ಟೆ ಹಿಡಿದು ನಾವೆಲ್ಲ ನೋಡುತ್ತಿದ್ದೆವು. ಗಲ್ಲಕ್ಕೆ ಗಲ್ಲ ತಾಗಿಸಿಕೊಂಡು ಎಷ್ಟು ಹೊತ್ತು ಸುಮ್ಮನಿರಲಾದೀತು? ಇಬ್ಬರೂ ಮಾತಿಗಿಳಿದರು. ತೆಂಗಿನ ರೋಗ, ಕೈಕೊಟ್ಟ ಬೋರ್‌ವೆಲ್, ಮಂಡಿ ನೋವು. ಇಬ್ಬರಿಗೂ ಎಡ ಮಂಡಿಯೇ.

ಕೊನೆಗೆ ಸುಮಳೇ ಕತ್ತರಿ ಹಿಡಿದು ರೂಮಿನಿಂದ ಹೊರಬಂದಳು. ಮುಖ ಕೆಂಪಾಗಿತ್ತು. ಕೋಟಿಗೆ ಕತ್ತರಿ ಇಡುತ್ತಿದ್ದಂತೆ ಹುಡುಗನ ತಂದೆ, ಭಾವನ ಹೆಗಲ ಮೇಲಿಂದಲೇ ಹೇಳಿದರು.

"ಅದ್ ಬ್ಯಾಡ ಕಣವ್ವ. ನಿಮ್ಮಪ್ಪ ಕಷ್ಟಪಟ್ಟು ಮಾಡವ್ರೆ. ನನ್ ಸ್ವೆಟರ್ ಕತ್ತರ್ಸು."

ಸುಮ ಕತ್ತರಿ ಕೆಳಗಿಟ್ಟು ಅತ್ತೇಬಿಟ್ಟಳು. ಆಮೇಲೆ ಕಣ್ಣೊರೆಸಿಕೊಂಡು ಸ್ವೆಟರ್ ಕತ್ತರಿಸಿದಳು. ಸಂಬಂಧ ಕುದುರಿತು.

ನೀವೇ ಹೇಳಿ, ಯಾವ ಜಾತಕ ಇಷ್ಟು ಗಟ್ಟಿಯಾಗಿ ಕೂಡಿ ಬಂದದ್ದುಂಟು?