ಅಕ್ಕನ ಲಿವರ್

ಬೆಳಿಗ್ಗೆ ಗೆಣಸು ಕುದಿಯಲು ಇಟ್ಟು ಪೇಪರ್ ಹಿಡಿದು ಕುಳಿತೆ. ತಳ ಹತ್ತಿದ ವಾಸನೆ ಬಂದಾಗಲೇ ನನಗೆ ಎಚ್ಚರ. ಗೆಣಸೆಂದರೆ ನನಗೆ ಅಕ್ಕನ ಲಿವರ್ ನೆನಪಾಗುತ್ತದೆ ಎಂದರೆ ನೀವು ನಗುತ್ತೀರಿ; ನಗಿ, ಒಂಟಿ ಮುದುಕನ ಮನೆಯಲ್ಲಿ ಯಾರಾದರೂ ನಗಬೇಕಲ್ಲ.

ಅಪ್ಪ ಅವ್ವ ಬೇಗ ಹೋದ ಮೇಲೆ ಪಾರಿಶ್ವಾಡದ ಹೊಲವನ್ನೂ ನನ್ನನ್ನೂ ನೋಡಿಕೊಂಡವಳು ಅಕ್ಕ. ನನಗೆ ಬೆಳಗಾವಿಯಲ್ಲಿ ಗುಮಾಸ್ತಿಕೆ ಸಿಕ್ಕಾಗ ಹೊಲ ಪಾಲಿಗೆ ಕೊಟ್ಟು ಶಿವಬಸವ ನಗರದ ಬಾಡಿಗೆ ಮನೆಗೆ ಬಂದಳು. ಅವಳ ಮದುವೆಯ ಮಾತು ತೆಗೆದವರಿಗೆಲ್ಲ, "ಇವಗ ರೊಟ್ಟಿ ಯಾರ ಬಡೀತಾರ?" ಎನ್ನುತ್ತಿದ್ದಳು. ನಾನು ಆ ರೊಟ್ಟಿ ತಿಂದುಕೊಂಡು ಹಾಯಾಗಿದ್ದೆ.

ಎಂಬತ್ತರ ದಶಕದ ಕೊನೆಗೆ ಅವಳ ಲಿವರಿನಲ್ಲಿ ಗಡ್ಡೆ ಕಂಡಿತು. ಅರ್ಧಕ್ಕಿಂತ ಹೆಚ್ಚು ಕೊಯ್ದು ತೆಗೆದರು. ಇವಳು ಹೋದರೆ ನನಗೆ ಯಾರೂ ಇಲ್ಲ ಎಂಬ ಭಯದಲ್ಲಿ ಆಸ್ಪತ್ರೆಯ ವರಾಂಡದಲ್ಲಿ ಕೊರಳಿನ ಲಿಂಗ ಹಿಡಿದು ಕುಳಿತಿದ್ದೆ.

"ಚಿಂತಿ ಮಾಡಬ್ಯಾಡ್ರಿ, ಲಿವರ್ ತಿರುಗಿ ಬೆಳೀತೈತಿ," ಎಂದರು ಡಾಕ್ಟರು.

ಅಕ್ಕ ಹಾಸಿಗೆಯಿಂದಲೇ ಕೇಳಿದಳು: "ಕೊಯ್ದ ತುಂಡು ಎಲ್ಲಿ ಇಟ್ಟೀರಿ? ಅದೂ ಬೆಳೀತೈತೇನ್ರಿ?"

ಗೆಣಸಿನ ಬಳ್ಳಿ ತುಂಡರಿಸಿ ನೆಟ್ಟು ಬೆಳೆ ತೆಗೆದವಳು. ಕತ್ತರಿಸಿದ್ದೆಲ್ಲ ಚಿಗುರುತ್ತದೆಂದೇ ಅವಳ ನಂಬಿಕೆ.

"ಇಲ್ಲವ್ವಾ, ತಗದದ್ದು ಹೋತು. ಉಳಿದದ್ದ ದೊಡ್ಡದಾಗಿ ಪೂರಾ ಕೆಲಸ ಹಿಡೀತೈತಿ. ಆಕಾರ ಅಷ್ಟ ಮೊದಲಿನಂಗ ಇರೂದಿಲ್ಲ."

ಪಕ್ಕದ ಹಾಸಿಗೆಯ ಮುದುಕಿಯ ಮಗ, ಹೆಂಡತಿ ತೀರಿಕೊಂಡಿದ್ದ ಒಬ್ಬ ಸಾಲಿ ಮಾಸ್ತರು, ಜೋರಾಗಿ ನಕ್ಕರು. "ಆ ತುಂಡು ತರ್ರಿ, ಖಾನಾಪುರದ ನಮ್ಮ ಹೊಲದಾಗ ಹಚ್ಚೂಣು!" ಅಕ್ಕ ಹೊಲಿಗೆ ಒತ್ತಿ ಹಿಡಿದುಕೊಂಡು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಕೆಲವು ತಿಂಗಳಲ್ಲಿ ಲಿವರ್ ತುಂಬಿಕೊಂಡಿತು. ಕಣ್ಣಿನ ಹಳದಿ ಹೋಯಿತು, ಊಟ ಸೇರತೊಡಗಿತು. ಒಂದು ಸಂಜೆ ನನ್ನ ಮುಂದೆ ತಾಟು ಇಟ್ಟು ಹೇಳಿದಳು: "ತಮ್ಮಾ, ಖಾನಾಪುರದ ಮಾಸ್ತರು ಮದಿವಿಗೆ ಕೇಳ್ಯಾರ. ನಾ ಹೂಂ ಅಂದೇನಿ."

"ಛಲೋ ಆತು," ಎಂದೆ. ಅರ್ಧ ರೊಟ್ಟಿ ತಾಟಿನಲ್ಲೇ ಬಿಟ್ಟು ಎದ್ದು ಕೈ ತೊಳೆದೆ.

ಖಾನಾಪುರವೇನು ದೂರವಲ್ಲ, ಒಂದು ಬಸ್ಸಿನ ದಾರಿ. ಹೋದಾಗಲೆಲ್ಲ ಅಕ್ಕ ಮೈ ತುಂಬಿಕೊಂಡು ಗೆಲುವಾಗಿರುತ್ತಿದ್ದಳು. ನಾನು ಏನಾದರೂ ನೆವ ಹೇಳಿ ಕತ್ತಲಾಗುವ ಮೊದಲೇ ಎದ್ದು ಬರುತ್ತಿದ್ದೆ. ನನ್ನ ಮದುವೆಯೂ ಹೇಗೋ ಆಗದೆಯೇ ಹೋಯಿತು.

ಇವತ್ತು ಯಾಕೋ ತಡೆಯಲಾಗದೆ ಅವಳಿಗೆ ಫೋನ್ ಮಾಡಿದೆ. "ಅಕ್ಕಾ, ಆವಾಗ ಹೇಳಲಿಲ್ಲ. ನೀ ಹೋದ ಮ್ಯಾಲೆ ನಾ ಭಾಳ ಒಬ್ಬಾಂವ ಆದ್ನಿ."



"ಗೊತ್ತಿತ್ತೋ ತಮ್ಮಾ," ಎಂದಳು ಅಕ್ಕ. "ಗೊತ್ತಿದ್ದೇ ಹೋದ್ನಿ."