ಯಾರನ್ನ ಕೇಳಿ ಹಾಕಿದ್ರಿ?

ಹೆಬ್ಬಾಳದ ಒಂದು ಡಯಾಲಿಸಿಸ್ ಸೆಂಟರಿಗೆ ವೆಬ್‌ಸೈಟ್ ಮಾಡಿಕೊಟ್ಟವನು ನಾನು. ಮಾಡಿದೆ ಅಂದರೆ, ಯಾರ್ಯಾರೋ ಬರೆದು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಬಿಟ್ಟಿದ್ದ ಪ್ಯಾಕೇಜುಗಳನ್ನು, ಅಂದರೆ ಸಿದ್ಧ ಕೋಡಿನ ತುಂಡುಗಳನ್ನು, ಜೋಡಿಸಿದೆ, ಅಷ್ಟೆ. ರೋಗಿಗಳಿಗೆ ಟೈಮ್ ಕೊಡುತ್ತಿದ್ದದ್ದೂ ಅಂಥದೇ ಒಂದು ಪ್ಯಾಕೇಜು. ಒಂದು ಬೆಳಿಗ್ಗೆ ಅದು ಒಂದೇ ಮೆಷಿನ್ನಿಗೆ ಇಬ್ಬರನ್ನು ಕರೆಯಿತು. ಕಾಲು ಊದಿಕೊಂಡಿದ್ದ ಅಜ್ಜಿಯೊಬ್ಬರು ಮೂರು ಗಂಟೆ ಬೆಂಚಿನ ಮೇಲೆ ಕಾದರು. ನಾಳೆ ಇನ್ಯಾರಿಗೆ ಏನಾಗುತ್ತೋ ಅಂತ ನನಗೆ ಭಯವಾಯಿತು. ಕೋಡ್ ತೆಗೆದು ನೋಡಿದರೆ ತಲೆಬುಡ ತಿಳಿಯಲಿಲ್ಲ.

ಬರೆದವರ ಹೆಸರು ಶಬಾನಾ. ಊರು ನೋಡಿದರೆ ಬೆಂಗಳೂರು! ಮೇಲ್ ಹಾಕಿದೆ. ಆರ್.ಟಿ. ನಗರದ ಬೇಕರಿಯೊಂದರ ಮುಂದೆ ಸಿಕ್ಕರು.

"ಅಯ್ಯೋ, ಇದು ಕಾಲೇಜಲ್ಲಿ ಬ್ಯಾಡ್ಮಿಂಟನ್ ಕೋರ್ಟ್ ಬುಕ್ ಮಾಡೋಕೆ ಬರ್ದಿದ್ದು ಕಣ್ರೀ," ಅಂತ ನಕ್ಕರು. "ಒಂದೇ ಟೈಮಿಗೆ ಎರಡು ಜೋಡಿ ಬಂದ್ರೆ ಡಬಲ್ಸ್ ಆಡ್ಕೊಳ್ಲಿ ಅಂತ ಹಂಗೇ ಬಿಟ್ಟಿದ್ದೆ. ನೀವು ಎಲ್ಲಿಗೆ ಹಾಕಿದೀರಾ?"

ಹೇಳಿದೆ. ನಗು ನಿಂತಿತು.

"ಆ ಸೆಂಟರಾ? ನಮ್ಮ ಅಬ್ಬಾ ವಾರಕ್ಕೆ ಮೂರು ಸಲ ಹೋಗೋದು ಅಲ್ಲಿಗೇ." ಕೈಯಲ್ಲಿದ್ದ ಟೀ ಲೋಟ ಕೆಳಗಿಟ್ಟರು. "ಯಾರನ್ನ ಕೇಳಿ ಹಾಕಿದ್ರಿ ನೀವು?"

ಯಾರನ್ನೂ ಕೇಳಿರಲಿಲ್ಲ. ಪುಕ್ಕಟೆ ಸಿಕ್ಕಿದ್ದಕ್ಕೆ ಯಾರು ಕೇಳುತ್ತಾರೆ?

ಅಲ್ಲೇ ಕೂತು, ನನ್ನ ಲ್ಯಾಪ್‌ಟಾಪ್ ತೆಗೆಸಿ, ಅವರೇ ಕೋಡಿನ ತಪ್ಪು ಸರಿಮಾಡಿದರು. ಇನ್ನು ಭಯ ಬೇಡ, ಹೀಗಾಗಲ್ಲ ಅಂತ ನನಗೆ ಧೈರ್ಯ ಹೇಳಿದರು. ಆಮೇಲೆ ಎರಡು ಹೆಜ್ಜೆ ಪಕ್ಕಕ್ಕೆ ಹೋಗಿ ಸೆಂಟರಿಗೆ ಫೋನ್ ಮಾಡಿ, ಮೆಲ್ಲಗೆ ಅಂದರು: "ಸಿಸ್ಟರ್, ನಮ್ಮ ಅಬ್ಬಾದು ಟೈಮು ಪುಸ್ತಕದಲ್ಲೂ ಒಂದ್ಸಲ ಬರ್ಕೊಂಡ್ಬಿಡಿ."